ಗೇಟ್‌ಪಾಸ್

ಹತ್ತೊಂಬತ್ತು ವರ್ಷ ಈ ಗೇಟಿನಾಗ
ಹೆಸರು ಬರೀದಽ ಒಳಗ ಹೋದಾಂವ ನಾ.
ಇವತ್ತ ವಾಚಮನ್ ಬಾಳಪ್ಪ
ರಜಿಸ್ಟರು ನನ್ನ ಕಡೆ ತಿರುವಿಟ್ಟ,
ಮಾರಿ ನೋಡಲಿಲ್ಲ.
ಹೆಸರು: ಮಲಗೌಡ ಕುಲಗೋಡ.
ಎಲ್ಲಿಂದ: ಮಜಗಾಂವ.
ಯಾಕ ಬಂದ್ರಿ:
ಅಲ್ಲಿ ಪೆನ್ನು ನಿಂತಿತು.
‘ವೆಂಡರ್ ಅಂತ ಬರಿ’ ಅಂದ, ಮೆಲ್ಲಕ.

ಎರಡನೇ ಶೆಡ್ಡಿನಾಗ ನನ್ನ ಲೇಥು ಇದ್ದಲ್ಲೆ
ನಾಕು ಬೋಲ್ಟಿನ ತೂತು,
ಎಣ್ಣಿ ಕುಡದು ಕಪ್ಪಾದ ನೆಲ.
ಲೇಥು ಈಗ ನಮ್ಮ ಹಿತ್ತಲದಾಗ ಐತಿ,
ಎಮ್ಮಿ ಕಟ್ಟತಿದ್ದ ತಗಡಿನ ಕೆಳಗ.
ಹಲಗೇಕರ ಸಾಹೇಬ್ರು ಚಹಾ ತರಿಸಿ ಹೇಳಿದ್ರು:
‘ಮಷೀನೂ ನಿಂದು, ಟೈಮೂ ನಿಂದು,
ಇನ್ನ ಮುಂದ ನೀನಽ ಮಾಲಕ.’
ಅದರ ರೊಕ್ಕ ನನ್ನ ಸೆಟಲ್‌ಮೆಂಟಿನಾಗಽ ಮುರಕೊಂಡ್ರು.

ಅದಽ ಬುಶ್, ಅದಽ ಡ್ರಾಯಿಂಗು,
ಕೂದಲೆಳಿಯಷ್ಟೂ ಜಗ್ಗದ ಅದಽ ಅಳತಿ.
ಅಲ್ಲಿ ದಿನಕ್ಕ ಅರವತ್ತು ತಿರುವಿದ್ರ ಶಾಬಾಸ್ಕಿ.
ಇಲ್ಲಿ ನೂರಾಹತ್ತು ತಿರುವಿ, ಲೈಟ್ ಬಿಲ್ಲು ಕಳದ್ರ
ಆ ಪಗಾರದ ಸನೇಕ ಬರತೈತಿ.
ಪಗಾರ ಅನಬಾರದಂತ. ರೇಟು.

ಮಾಲಕ ಆದಾಗಿಂದ ಐತವಾರ ಬಂದಿಲ್ಲ.
ನೀಲವ್ವ ರೊಟ್ಟಿ ಬಡದ ಕೈಲೇನಽ ಕಾನಸ ಹಿಡದು
ಬುಶ್ಶಿನ ಅಂಚಿನ ಮುಳ್ಳು ತಿಕ್ಕತಾಳ;
ಅಕಿ ಕೂಲಿ ಯಾವ ಚಲನಿನಾಗೂ ಇಲ್ಲ.
ಒಮ್ಮೊಮ್ಮೆ ರೊಟ್ಟ್ಯಾಗ ಕಬ್ಬಣದ ಚೂರು ಹಲ್ಲಿಗೆ ಸಿಗತಾವ.
ಸುಮ್ಮನ ತಗದು
ತಾಟಿನ ಅಂಚಿಗೆ ಇಡತೇನಿ.

ಮೊನ್ನೆ ಓಣ್ಯಾಗಿನ ಜುನೇದ ಬಂದಿದ್ದ:
‘ಕಾಕಾ, ಕೆಲಸ ಐತೇನು?’
ನಾ ಅಂದೆ:
‘ಪಗಾರ ಆಗೂದಿಲ್ಲ ತಮ್ಮಾ. ನಗಕ್ಕ ಒಂದೂವರಿ ರೂಪಾಯಿ.
ಮನಿಗೆ ಒಯ್ದು ತಿಕ್ಕಿಕೊಂಡ ಬಾ.
ಟೈಮೂ ನಿಂದಽ.’
ಒಳಗ ಕಾನಸಿನ ಸಪ್ಪಳ ನಿಂತಿತು.
ಬಾಳೊತ್ತು ಚಾಲೂ ಆಗಲಿಲ್ಲ.

ಇವತ್ತ ಹನ್ನೊಂದು ನಗ ರಿಜೆಕ್ಟು.
ಚೀಲ ಹೆಗಲಿಗೇರಿಸಿ ಗೇಟಿಗೆ ಬಂದ್ರ
ಬಾಳಪ್ಪನ ಅಂಗಿ ಭುಜದ ಮ್ಯಾಲೆ
ಕಂಪನಿ ಹೆಸರು ಇಲ್ಲ, ಯಾವುದೋ ಏಜೆನ್ಸಿದು.
‘ನಿನಗೂ?’ ಅಂದೆ.
‘ಒಂದನೇ ತಾರೀಖಿನಿಂದ.’
ರಜಿಸ್ಟರಿನ ಪೆನ್ನಿಗೆ ದಾರ ಕಟ್ಟಿ
ಟೇಬಲ್ಲಿಗೆ ಮೊಳಿ ಹೊಡದಿದ್ರು.
ಅದನ್ನ ಜಗ್ಗಿ ತೋರಿಸಿದ:
‘ಈ ಶೆಡ್ಡಿನಾಗ ಪರ್ಮನೆಂಟ್ ಇದೊಂದಽ ನೋಡು.’

ನಕ್ಕೆವು.
ಹೊರಗ ಹೋಗೂ ಟೈಮು ಬರದೆ:
ನಾಕೂ ಇಪ್ಪತ್ತು.
ಮೂರನೇ ರೇಲ್ವೆ ಗೇಟು ಹಾಕಿದ್ರು;
ಸೈಕಲ್ ಮ್ಯಾಲೆ ಒಂದು ಕಾಲೂರಿ ನಿಂತೆ,
ಮಾಲಗಾಡಿ ಹೋಗೂತನಕ.