ನಲವತ್ತಾರರ ಸೊಂಟ

ಷೋರೂಮಿನವರು ಬರೆದುಕೊಟ್ಟದ್ದು ಒಂದೂಮುಕ್ಕಾಲು ಲಕ್ಷ.
ಗಾದಿಲಿಂಗ ಚೀಟಿ ಮಡಿಚಿ ಕಿಸೆಗಿಟ್ಟ.
ನಾನೇ ಹೊಲಿದ ಕಿಸೆ ಅದು, ಆಳ ಜಾಸ್ತಿ,
ಆದರೂ ಅಷ್ಟು ಸೊನ್ನೆಗೆ ಸಾಲಲಿಲ್ಲ.

ಕಾರು ಅವನ ಗಣಿ ಧಣಿಯದು.
ಹನ್ನೆರಡು ತಿಂಗಳ ಪಗಾರ ಬಾಕಿ ಇತ್ತು;
ಹನ್ನೊಂದಕ್ಕೆ ಕೀಲಿ ಕೊಟ್ಟ,
ಉಳಿದ ಒಂದು ಆಮೇಲೆ ಅಂದ.
ಕ್ಲಚ್ಚಿಲ್ಲದ ಗಾಡಿ, ಎಡಗಾಲಿಗೆ ಕೆಲಸವಿಲ್ಲ.
(ನನ್ನ ಮೆಷಿನ್ನಿಗೆ ಎರಡೂ ಬೇಕು.)
ಯುಗಾದಿಗೆ ರಿವರ್ಸ್ ಹೋಯಿತು,
ಬಸವ ಜಯಂತಿಗೆ ಮುಂದಕ್ಕೂ ಒಲ್ಲೆ ಎಂದಿತು.

"ಅಕ್ಕಾ, ಮನೀ ಮುಂದ ಬಿಚ್ಚೋಣು."
ಬಂಡಿಹಟ್ಟಿಯ ನಮ್ಮ ಓಣಿಯಲ್ಲಿ ಲಿಫ್ಟೆಲ್ಲಿ, ಗುಂಡಿಯೆಲ್ಲಿ?
ಎರಡು ಸ್ಕ್ರೂ ಜಾಕು, ಹಳೇ ರೈಲು ಹಲಗೆಯ ನಾಲ್ಕು ತುಂಡು,
ಬಾಡಿಗೆಗೆ ತಂದ ಪಾನದ ಡಬ್ಬ.
ಅದರಲ್ಲಿ ಹದಿನಾಲ್ಕರದು ಇಲ್ಲ.
ಎಲ್ಲ ಬೋಲ್ಟೂ ಕೇಳಿದ್ದು ಹದಿನಾಲ್ಕರದನ್ನೇ.

ಕತ್ತಲಿರುವಾಗಲೇ ಶುರು. ಒಂಬತ್ತಾದರೆ
ಕಬ್ಬಿಣ ಕೈ ಕಚ್ಚುತ್ತದೆ ಈ ಊರಲ್ಲಿ.
ಬಿಚ್ಚಿದ್ದೆಲ್ಲ ನನ್ನ ಸೈಜಿನ ಚೀಲಗಳಿಗೆ:
ಸ್ಟಾರ್ಟರಿನವು ಇಪ್ಪತ್ತೆಂಟಕ್ಕೆ,
ಮೌಂಟಿನವು ಮೂವತ್ತಕ್ಕೆ,
ಆಕ್ಸಲ್ ನಟ್ಟು ಮೂವತ್ತಾರಕ್ಕೆ, ಅದು ದಪ್ಪ ಮನುಷ್ಯ.

ತಳದ ತಿರುಪು ತೆಗೆದಾಗ
ಗುಲಾಬಿ ಶರಬತ್ತಿನ ಬಣ್ಣ ಬರಬೇಕಿತ್ತಂತೆ.
ಬಂದದ್ದು ಮೂರು ಸಲ ಕಾಸಿದ ಚಹಾ,
ಇಸ್ತ್ರಿ ಮರೆತು ಬಿಟ್ಟ ಬಟ್ಟೆಯ ವಾಸನೆ.
"ಪ್ಲೇಟು ಸುಟ್ಟಾವು" ಅಂದ.
ಮೂಗು ನನಗೆ ಮೊದಲೇ ಹೇಳಿತ್ತು.

ಎದುರುಮನೆಯ ಮೌಲಾಲಿ ಮಾಮಾ, ತೋರಣಗಲ್ಲಿನಲ್ಲಿ ಫಿಟ್ಟರಾಗಿದ್ದವರು,
ಮಂಚದ ಮೇಲಿಂದಲೇ:
"ಕನ್ವರ್ಟರ್ ಇಂಜಿನ್ನಿಗೆ ಅಂಟಿ ಕುಂದರಬಾರ್ದು,
ಡಬ್ಬೀ ಜತೀಗೇ ಬರಬೇಕು. ಇಲ್ಲಾಂದ್ರ ಪಂಪು ಹೋತು."
ಕಿಂಡಿಗೆ ಕಣ್ಣಿಟ್ಟು ನಾನು,
ಆಚೆಯಿಂದ ಕ್ರ್ಯಾಂಕು ತಿರುವುತ್ತ ಅವನು.
ರೇಶನ್ ಸಾಲಿನ ಹಾಗೆ ಆರು ಬೋಲ್ಟು
ಒಂದೊಂದೇ ಬಂದು ಮುಖ ತೋರಿಸಿದವು.
ನಿಲ್ಲು. ಬಿಚ್ಚು. ಮುಂದೆ.

ಇಂಜಿನ್ನೇನೋ ತೊಲೆಗೆ ತೂಗಿಹಾಕಿದ್ದೆವು.
ಈ ಡಬ್ಬಿಗೆ? ಎಂಬತ್ತು ಕಿಲೋ,
ಕೆಳಗೆ ಮಲಗಿದವನಿಗೆ ಮೂವತ್ತೆಂಟರ ಎದೆ.
ಕೊರಳಿನ ಟೇಪು ತೆಗೆದೆ,
ತೆವಳಿ ಹೋಗಿ ಅದರ ಸೊಂಟ ಅಳೆದೆ.
ನಲವತ್ತಾರು.
ಮೂರು ಮಡಿಕೆ ಜೀನ್ಸು, ಅಂಚಿಗೆ ಜೋಡಿ ಹೊಲಿಗೆ,
ಅರ್ಧ ತಾಸಿನಲ್ಲಿ ಪಟ್ಟಿ ತಯಾರು.
ಎಷ್ಟು ಊರಿನ ಎಷ್ಟು ಸೊಂಟಕ್ಕೆ ಕಳಿಸಿದ್ದೇನೋ;
ತೊಟ್ಟವರನ್ನು ಕಣ್ಣಾರೆ ಕಂಡದ್ದು
ಇದೇ ಮೊದಲು.

ಕೊನೆಯ ಬೋಲ್ಟು ಮೇಲೆ, ಹಿಂದೆ, ಕಾಣದ ಕಡೆ.
ರಾಡಿಗೆ ರಾಡು ಸೇರಿಸಿ, ಅದಕ್ಕೆ ನೀರಿನ ಪೈಪು ತೊಡಿಸಿ
ಇಬ್ಬರೂ ಜೋತುಬಿದ್ದೆವು.
ಕಿರ್ರ್ ಎಂದದ್ದಕ್ಕೆ ಓಣಿಯ ನಾಯಿ ಎದ್ದು ಕೂತಿತು.
ಆದರೂ ಡಬ್ಬಿ ಕದಲಲಿಲ್ಲ.
"ಎಳೀಬ್ಯಾಡ್ರೀ, ಅಲ್ಲಾಡಸ್ರಿ."
ಮಂಚ ಬಿಟ್ಟೆದ್ದ ಮಾಮಾ ಪಟ್ಟಿಯ ಒಂದು ತುದಿ ಹಿಡಿದರು,
ಇನ್ನೊಂದು ನಾನು.
ಬಿಗಿ ಪ್ಯಾಂಟಿನಿಂದ ಹಿಮ್ಮಡಿ ಬಿಡಿಸಿದ ಹಾಗೆ
ಅತ್ತ ತುಸು, ಇತ್ತ ತುಸು...

ಬಂತು.
ಭಾರವೆಲ್ಲ ಒಮ್ಮೆಗೇ ಅಂಗೈಗೆ ಬಂತು.
ಎಲ್ಲೋ ಒಂದು ಹೊಲಿಗೆ ಟಪ್ ಎಂದಿತು.
ಯಾರೂ ಮಾತಾಡಲಿಲ್ಲ, ಅದು ಹಲಗೆಯ ಮೇಲೆ
ಕೂಸಿನಂತೆ ಒರಗುವ ತನಕ.

ಗಂಟೆಯಾಕಾರದ ಹೊಟ್ಟೆಯೊಳಗೆ
ಸಂಡೂರು ದಾರಿಯ ಅದಿರು ಧೂಳು, ಇನ್ನೂ ಕೆಂಪಗೆ.
ಗಾದಿಲಿಂಗ ಒಂದು ಹಿಡಿ ಕೆರೆದು ತೋರಿಸಿದ:
"ನೋಡಕ್ಕ, ಉಳಿದ ತಿಂಗಳದ್ದು."
ನಕ್ಕೆವು. ಅವನು ಅದನ್ನು ಚೆಲ್ಲಲಿಲ್ಲ,
ಎಲ್ಲಿಟ್ಟ, ನಾನು ಕೇಳಲಿಲ್ಲ.

ಈಗ ಅದು ನನ್ನ ಮೆಷಿನ್ನಿನ ಪಕ್ಕ ಕೂತಿದೆ.
ಇನ್ನೂರು ಪೀಸಿನ ಆರ್ಡರು, ಪೆಡಲು ತುಳಿವಾಗ
ಕಾಲಿಗೆ ತಣ್ಣಗೆ ತಾಗುತ್ತದೆ.
"ಬಿಚ್ಚೂದು ಯಾರರೆ ಬಿಚ್ಚತಾರ" ಅನ್ನುತ್ತಾರೆ ಮಾಮಾ.
ಹರಿದ ಹೊಲಿಗೆಯ ಮೇಲೆ ಇನ್ನೊಂದು ಹಾಕಿದ್ದೇನೆ.
ಪಟ್ಟಿ ಬಿಚ್ಚಿಲ್ಲ.
ಮತ್ತೆ ಏರಿಸಬೇಕಲ್ಲ.