ಕಿಟಕಿ ನಂಬರ್ ಮೂರು

ಪ್ರಿನ್ಸಿಪಾಲರು ಬೋರ್ಡಿನ ಮೇಲೆ ಎರಡು ಬಾಣ ಎಳೆದು
"ಸಾಲದ ಅರ್ಜಿಗೆ ಯಾವ ದಾರಿ, ಹೇಳ್ರಿ ಗಾದಿಲಿಂಗಪ್ಪ" ಅಂದರು.

ಒಂದು ಬಾಣ: ಗುಮಾಸ್ತ, ಸೂಪರಿಂಟೆಂಡೆಂಟು, ಬ್ಯಾಂಕು.
ಒಂದು ಕಾಗದ ಕಮ್ಮಿ ಬಿದ್ದರೆ ಮತ್ತೆ ಮೊದಲಿಂದ.
ಇನ್ನೊಂದು: ಬಂದದ್ದೆಲ್ಲ ಕಂಪ್ಯೂಟರಿಗೆ,
ಕೊರತೆಯಿದ್ದರೆ ಅದೇ ಹೊರಗೆ ತಳ್ಳುತ್ತದೆ
ಕಾರಣ ಹೇಳದೆ.
ವೇಗ ಅಂದರೆ ಇದು, ಎಂದರು ಆಡಿಟರು.

ನಾನು ಬಾಣ ನೋಡುತ್ತಿರಲಿಲ್ಲ.
ಹೋದ ಜುಲೈ, ಕೌಲ್ ಬಜಾರಿನಿಂದ ನಾಲ್ಕು ಸಲ ಬಂದ
ಫರ್ಜಾನಾಳ ತಾಯಿ.
ಜೀನ್ಸ್ ತೊಳೆಯುವ ಕೆಲಸ.
ಹೆಬ್ಬೆಟ್ಟಿಗೆಂದು ಪ್ಯಾಡು ಚಾಚಿದರೆ
"ಬ್ಯಾಡ್ರಿ ಸರ, ಇದು ಮೊದಲೇ ನೀಲಿ ಐತಿ" ಎಂದು ನಕ್ಕಳು.
ನಾಲ್ಕನೇ ಸಲಕ್ಕೆ ಫೀ ಕಟ್ಟುವ ದಿನ ದಾಟಿತ್ತು.
ಹೋದ ನಾಲ್ಕು ದಿನದ ಕೂಲಿಗೆ
ನನ್ನ ರಿಜಿಸ್ಟರಿನಲ್ಲಿ ಕಾಲಂ ಇಲ್ಲ.

ಎದ್ದು ಹೋಗಿ, ಎರಡೂ ಬಾಣದ ನಡುವೆ
ಸೀಮೆಸುಣ್ಣದಲ್ಲಿ ಒಂದು ಕುರ್ಚಿ ಬರೆದೆ, ಸೊಟ್ಟಗೆ.
"ಅವರು ಇಲ್ಲಿ ಕೂತಿರಲಿ.
ಕಾಗದ ಓಡಾಡಲಿ. ನಾವೂ."

ಕುರ್ಚಿ ಯಾವ ಹೆಡ್ಡಿನಲ್ಲಿ ತೋರಿಸೋದು? ಕೇಳಿದರು ಆಡಿಟರು.
ಇನ್ನೂ ತೋರಿಸಿಲ್ಲ.
ಮನೆಯಿಂದ ತಂದದ್ದು,
ಒಂದು ಕಾಲು ಗಿಡ್ಡ.