ಅಡ್ಡಗೆರೆ

ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ
ಉಪ್ಪಳ ಬಸ್‌ಸ್ಟ್ಯಾಂಡಿನ ಎದುರು ಕೊಡೆ ಬಿಡಿಸಿ ಕೂತು
ಹೋಗುವುದನ್ನೆಲ್ಲ ಎಣಿಸುವ ಕೆಲಸ ನನಗೆ.
ಇಪ್ಪತ್ತೆರಡು ವರ್ಷ ಬೀಡಿ ಎಣಿಸಿದ ಬೆರಳು,
ಇಪ್ಪತ್ತೈದಕ್ಕೊಂದು ಕಟ್ಟು, ಒಂದೂ ತಪ್ಪಿದ್ದಿಲ್ಲ.
ಅದಕ್ಕೇ ಕರೆದದ್ದು.

ಕಾಗದದ ಮೇಲೆ ಮನೆಗಳುಂಟು:
ಕಾರು, ಲಾರಿ, ಬಸ್ಸು, ರಿಕ್ಷಾ, ಬೈಕು,
ಟ್ಯಾಂಕರಿಗೆ ಬೇರೆಯೇ ಒಂದು.
ನಾಲ್ಕು ಕಡ್ಡಿ ನೆಟ್ಟಗೆ, ಐದನೆಯದು ಅವುಗಳ ಮೇಲೆ ಅಡ್ಡ,
ಹೀಗೆ ಬರೆಯಬೇಕೆಂದು ತೋರಿಸಿಕೊಟ್ಟವ ರಿನೀಶ್,
ಪಯ್ಯನ್ನೂರಿನ ಇಂಜಿನಿಯರ್ ಹುಡುಗ.
"ನಡೆಯುವವರು ಯಾವ ಮನೆಗೆ?" ಕೇಳಿದೆ.
ಕಾಗದ ತಿರುಗಿಸಿ ನೋಡಿದ. ಹಿಂದೆ ಖಾಲಿ.
"ಅವರಿಗೆ ಮನೆ ಇಲ್ಲ ಚೇಚೀ."

ಖಾಲಿ ಉಂಟಲ್ಲ, ಎಂದುಕೊಂಡೆ.

ಆರೂಕಾಲು. ಮೀನಿನ ಬುಟ್ಟಿಯ ಕಲ್ಯಾಣಿ.
ತಲೆಯ ಮೇಲೆ ಬಂಗುಡೆ ಹೊತ್ತವರು ಕತ್ತು ತಿರುಗಿಸುವಂತಿಲ್ಲ;
ಇಡೀ ಮೈ ಬಲಕ್ಕೆ ತಿರುಗಬೇಕು, ಮತ್ತೆ ಎಡಕ್ಕೆ,
ಮೂರನೆಯ ಸಲಕ್ಕೆ ಬುಟ್ಟಿಯ ನೀರು ಕಣ್ಣಿಗೆ.
ಏಳೂ ಹತ್ತು. ಲಾಟರಿಯ ಬಾಬು ಬೆಳ್ಚಪ್ಪಾಡ,
ಕಿವಿಯಲ್ಲೇ ನೋಡುವವ.
"ಮೊದಲು ರಿಕ್ಷಾ ಹೊಸಂಗಡಿ ಬಿಡುವಾಗಲೇ ಕೇಳುತ್ತಿತ್ತು,
ಈ ಕರೆಂಟಿನದ್ದು ಬೆಕ್ಕಿನ ಹಾಗೆ ಬರುತ್ತದೆ ಮಾರಾಯ್ತಿ."
ಎಂಟೂಮುಕ್ಕಾಲು. ಮದ್ರಸ ಬಿಟ್ಟ ಮಕ್ಕಳು ಹದಿನೇಳು.
ಒಬ್ಬಳ ಚಪ್ಪಲಿ ನಡುರಸ್ತೆಯಲ್ಲಿ ಉಳಿಯಿತು.
ಅವಳು ಅದನ್ನೇ ನೋಡುತ್ತ ನಿಂತಳು, ನಾನು ಅವಳನ್ನು.
ಆ ಹೊತ್ತಿನಲ್ಲಿ ಎಷ್ಟು ಕಾರು ಬಿಟ್ಟುಹೋಯಿತೊ,
ನನ್ನ ಲೆಕ್ಕದಲ್ಲಿ ಮೊದಲ ತಪ್ಪು.

ಊರುಗೋಲಿನ ಅಂದುಞಿಚ್ಚನಿಗೆ ದಾಟಲು ಐವತ್ತೊಂದು ಸೆಕೆಂಡು.
ಅಷ್ಟು ಹೊತ್ತು ಬಸ್ಸು ಕಾಯುವುದು
ಮದುವೆ ದಿಬ್ಬಣಕ್ಕೆ ಮಾತ್ರ.

ನಾಮಕ್ಕಲ್ಲಿನ ಲಾರಿಯವ ಬದಿಗೆ ನಿಲ್ಲಿಸಿ ನೀರು ಕೇಳಿದ.
ಯಾರೋ ಚಕ್ರಕ್ಕೆ ಸಿಕ್ಕಿ ಉಳಿದದ್ದಂತೆ, ಗೇಣು ಅಂತರ,
ಕೈ ಇನ್ನೂ ನಡುಗುತ್ತಿತ್ತು.
ಅವನನ್ನು ಲಾರಿಯ ಮನೆಯಲ್ಲಿ ಬರೆದೆ,
ನಡುಕವನ್ನು ಹಿಂದೆ.

ವಾರಿಜ ನನ್ನ ಜೊತೆ ಬೀಡಿ ಬ್ರಾಂಚಿಗೆ ಬರುತ್ತಿದ್ದವಳು.
ಹೋದ ವರ್ಷ, ಇದೇ ಜಾಗ, ಕೈಯಲ್ಲಿ ಎಲೆಯ ಕಟ್ಟು.
ಸ್ಟೇಷನ್ನಿನ ಕಾಗದ ಮಲಯಾಳದಲ್ಲಿತ್ತು, ಒಂದು ಮಾತು ತಿಳಿಯಲಿಲ್ಲ,
'ಕುರುಕೆ'. ಹಾಗೆಂದರೆ ಎಂತ?
"ಅಡ್ಡ," ಅಂದರು ರೈಟರು. "ಗಾಡಿಗೆ ಅಡ್ಡ ಬಂದಳು."
ಅವಳಜ್ಜಿ ಇಲ್ಲೇ ನಡೆದು ಕಡಲಿಗೆ ಹೋಗುತ್ತಿದ್ದದ್ದು,
ಆಗ ರಸ್ತೆ ಎರಡು ಎತ್ತಿನಗಲ.
ಯಾರು ಯಾರಿಗೆ ಅಡ್ಡ ಬಂದದ್ದು, ಹೇಳಿ.

ಎರಡಕ್ಕೆ ಐದಿರುವಾಗ ರಿನೀಶ್ ಬಂದ.
ಎದುರಿನ ಪುಟ ಬಿಟ್ಟು ಹಿಂದಿನದನ್ನು ಹಿಡಿದ.
ಕನ್ನಡ ಓದಲು ಬಾರದವ, ಗೆರೆಗಳನ್ನು ಓದಿದ.
ಆಮೇಲೆ ತನ್ನ ನಕ್ಷೆ ಬಿಡಿಸಿ, ಕೆಂಪು ಪೆನ್ಸಿಲಿನಲ್ಲಿ
ರಸ್ತೆಗೆ ಅಡ್ಡ ಒಂದು ಗೆರೆ,
ಗೆರೆಯ ನಡುವೆ ಚಾಪೆಯಗಲದ ಒಂದು ಚೌಕ.
"ಇಲ್ಲಿ ನಿಂತು ಉಸಿರು ಬಿಡಲಿ. ಇಷ್ಟು ದೂರ ರಸ್ತೆಯನ್ನೇ ಏರಿಸುವ,
ಗಾಡಿ ಹತ್ತಿ ಇಳಿಯಲಿ, ಜನ ನೆಟ್ಟಗೆ ನಡೆಯಲಿ."
ಸ್ವಲ್ಪ ತಡೆದು,
"ಮೇಲಿನವರು ಒಪ್ಪಿದರೆ."
ಮೇಲಿನವರು ನಡೆಯುವುದನ್ನು ನಾನು ಕಂಡಿಲ್ಲ.

ಮುಂದಿನ ಪಾಳಿಯ ಇರ್ಷಾದನಿಗೆ ಕೊಡೆ ಕೊಟ್ಟೆ, ಪೆನ್ಸಿಲು ಕೊಟ್ಟೆ.
ನನ್ನ ಮನೆ ಆಚೆ ಬದಿ.
"ನನ್ನನ್ನೂ ಬರೆ, ಹಿಂದೆ," ಅಂದೆ.

ನಾಲ್ಕು ಕಡ್ಡಿಯ ಮೇಲೆ ಪೆನ್ಸಿಲಿನ ಮೊನೆ ಇಟ್ಟು
ಹುಡುಗ ಕಾಯುತ್ತಿದ್ದಾನೆ.
ಟ್ಯಾಂಕರು ಹೋಯಿತು. ಇನ್ನೊಂದು ಬರುತ್ತಿದೆ.